ಕಲ್ಲು ಹಿಡಿದಿಟ್ಟ ಚೀತ್ಕಾರ: ‘ದಿ ಸ್ಟೋನ್ ಟೇಪ್’

ನೈಜೆಲ್ ನೀಲ್ ರಚಿಸಿ ಪೀಟರ್ ಸಾಸ್ಡಿ ನಿರ್ದೇಶಿಸಿದ, ಬಿಬಿಸಿಯ ಎರಡನೆಯ ವಾಹಿನಿಯಲ್ಲಿ 1972ರ ಡಿಸೆಂಬರ್ 25ರಂದು ಪ್ರಸಾರವಾದ ‘ದಿ ಸ್ಟೋನ್ ಟೇಪ್’ ಎಂಬ ಟೆಲಿವಿಷನ್ ಚಿತ್ರವು, ಕ್ರಿಸ್‌ಮಸ್ ಸಮಯದಲ್ಲಿ ದೆವ್ವದ ಕಥೆ ಹೇಳುವ ಇಂಗ್ಲೆಂಡಿನ ವಾಡಿಕೆಯನ್ನು ಪ್ರಯೋಗಾಲಯದೊಳಕ್ಕೆ ಕರೆತಂದ ಕೃತಿ. ಧ್ವನಿಮುದ್ರಣಕ್ಕೆ ಹೊಸ ಮಾಧ್ಯಮವೊಂದನ್ನು ಜಪಾನೀಯರಿಗಿಂತ ಮೊದಲೇ ಕಂಡುಹಿಡಿಯಬೇಕೆಂದು ಟಾಸ್ಕರ್‌ಲ್ಯಾಂಡ್ಸ್ ಎಂಬ ಹಳೆಯ ಬಂಗಲೆಗೆ ಬಂದ ಸಂಶೋಧಕರಿಗೆ, ಅಲ್ಲಿನ ಕಲ್ಲಿನ ಕೋಣೆಯಲ್ಲಿ 1890ರಲ್ಲಿ ಸತ್ತ ಮನೆಗೆಲಸದವಳ ಚೀತ್ಕಾರ ಕೇಳಿಸುತ್ತದೆ. ಅದು ಪ್ರೇತವಲ್ಲ, ಸಾಯುವ ಗಳಿಗೆಯ ಸಂಕಟವನ್ನು ಗೋಡೆಯ ಕಲ್ಲೇ ಟೇಪಿನಂತೆ ಹಿಡಿದಿಟ್ಟು ಮತ್ತೆ ಮತ್ತೆ ಹೊರಡಿಸುವ ಮುದ್ರಿಕೆ ಎಂದು ತಂಡದ ಮುಖ್ಯಸ್ಥ ಪೀಟರ್ ಬ್ರಾಕ್ ತರ್ಕಿಸುತ್ತಾನೆ.

ಈ ವಿವರಣೆಯಿಂದ ಭಯ ತಗ್ಗುವುದಿಲ್ಲ, ಇನ್ನಷ್ಟು ಆಳಕ್ಕಿಳಿಯುತ್ತದೆ. ಪ್ರೇತಕ್ಕಾದರೆ ಶಾಂತಿ ಮಾಡಿಸಬಹುದು. ಮುದ್ರಿಕೆಗೆ ಬಯಕೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಯಂತ್ರಕ್ಕೆ ದಕ್ಕದ ಆ ದನಿ ಕೇಳುವವರ ಮಿದುಳಿನಲ್ಲೇ ಮೂಡುವುದರಿಂದ, ಅದನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಗ್ರಹಿಸುವ ಕಂಪ್ಯೂಟರ್ ಪ್ರೋಗ್ರಾಮರ್ ಜಿಲ್ ಗ್ರೀಲಿಯನ್ನು ತಂಡವು ಮೊದಲು ಉಪಕರಣವಾಗಿ ಬಳಸಿಕೊಂಡು, ಬಳಿಕ ಆಕೆಯ ಮಾತನ್ನೇ ತಳ್ಳಿಹಾಕುತ್ತದೆ. ಪ್ರಯೋಗದ ಅಬ್ಬರದಲ್ಲಿ ಮುದ್ರಿಕೆ ಅಳಿಸಿಹೋದಾಗ ಬ್ರಾಕ್‌ಗೆ ಕಾಣುವುದು ಕೈತಪ್ಪಿದ ಲಾಭ ಮಾತ್ರ. ಅದರಡಿಯಲ್ಲಿ ಸುಮಾರು 7,000 ವರ್ಷ ಹಳೆಯದಾದ, ರೂಪಗೆಟ್ಟ ಮತ್ತೊಂದು ಪದರ ಉಳಿದಿದೆಯೆಂದು ಜಿಲ್ ಎಚ್ಚರಿಸಿದರೂ ಕಿವಿಗೊಡುವವರಿಲ್ಲ. ಆಕೆ ಅದೇ ಕೋಣೆಯಲ್ಲಿ ಸಾಯುತ್ತಾಳೆ, ಆಕೆಯ ದಾಖಲೆಗಳನ್ನು ಬ್ರಾಕ್ ನಾಶಮಾಡುತ್ತಾನೆ, ಆದರೆ ಆಕೆಯ ಮೊರೆಯನ್ನು ಕಲ್ಲು ಆಗಲೇ ಹಿಡಿದಿಟ್ಟಿರುತ್ತದೆ. ಒಬ್ಬ ಹೆಣ್ಣಿನ ಸಂಕಟವನ್ನು ಸರಕೆಂದು ಎಣಿಸಿದವರೇ ಇನ್ನೊಬ್ಬಳ ಸಾವಿಗೆ ಕಾರಣರಾಗುವ ಈ ಕಠೋರ ತರ್ಕದಲ್ಲಿ ಚಿತ್ರದ ನಿಜವಾದ ಭೀಕರತೆ ಇದೆ.

ಬಹುಪಾಲು ಸ್ಟುಡಿಯೋದೊಳಗೆ ವಿಡಿಯೋ ಟೇಪಿನಲ್ಲಿ ಚಿತ್ರೀಕರಣಗೊಂಡ ಈ ಕೃತಿಗೆ ಬಲ ಬಂದಿರುವುದು ಶಬ್ದದಿಂದ. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್, ಅಂದರೆ ವಿದ್ಯುನ್ಮಾನ ಶಬ್ದಗಳನ್ನು ಸೃಷ್ಟಿಸುತ್ತಿದ್ದ ವಿಭಾಗದ ಡೆಸ್ಮಂಡ್ ಬ್ರಿಸ್ಕೋ ಅವರ ಕೆಲಸ ಇಂದಿಗೂ ಮಾಸಿಲ್ಲ. ಅದೇ ಬಿಬಿಸಿಯಲ್ಲಿ ಆಗ ಟೇಪುಗಳನ್ನು ಅಳಿಸಿ ಮರುಬಳಸುವ ರೂಢಿಯಿತ್ತು, ನೀಲ್ ಅವರದೇ ‘ದಿ ರೋಡ್’ (1963) ಇಂದು ನೋಡಲು ಸಿಗುವುದಿಲ್ಲ ಎಂಬುದನ್ನು ನೆನೆದರೆ, ಅಳಿಸಿದರೂ ಅಳಿಯದ ಪದರದ ಕಲ್ಪನೆ ಮನಸ್ಸನ್ನು ಕಲಕುತ್ತದೆ. ದೋಷಗಳೂ ಸಣ್ಣವಲ್ಲ: ಗಂಡಸರ ನಿರಂತರ ಕೂಗಾಟ ದಣಿಸುತ್ತದೆ, ಜಪಾನೀಯರ ಅಣಕ ಹೀನವಾಗಿದೆ, ಕೊನೆಯಲ್ಲಿ ಪ್ರಾಚೀನ ಶಕ್ತಿಯನ್ನು ಬೆಳಕಿನ ಆಕಾರಗಳಾಗಿ ತೋರಿಸಹೊರಟಾಗ ಅದುವರೆಗೆ ಕಿವಿ ಕಟ್ಟಿಕೊಟ್ಟ ಭಯವನ್ನು ಕಣ್ಣು ಸಡಿಲಗೊಳಿಸುತ್ತದೆ. ಕಟ್ಟಡದ ಕಲ್ಲು ಘಟನೆಗಳನ್ನು ದಾಖಲಿಸಿಕೊಳ್ಳುತ್ತದೆ ಎಂಬ, ವೈಜ್ಞಾನಿಕ ಆಧಾರವಿಲ್ಲದ ವಾದವನ್ನು ದೆವ್ವಗಳ ಬೆನ್ನುಹತ್ತಿದವರು ಮುಂದೆ ಈ ಚಿತ್ರದ ಹೆಸರಿನಿಂದಲೇ ಕರೆದರು. ಆದರೆ ಬ್ರಾಕ್‌ನಂತೆಯೇ ಅವರೂ ಮುದ್ರಿಕೆಯ ಬೆರಗನ್ನಷ್ಟೇ ಎತ್ತಿಕೊಂಡು, ಅದರೊಳಗೆ ಕೂಗುತ್ತಿರುವವಳನ್ನು ಬಿಟ್ಟರು.