ಗಡ್ಡೆಯೊಳಗಿನ ಹಾಜರಿ ಲೆಕ್ಕ

ದೊಡ್ಡಕರುಳಿನ ಗಡ್ಡೆ ಎಷ್ಟು ಆಳಕ್ಕಿಳಿದಿದೆ, ಲಿಂಫ್ ಗ್ರಂಥಿಗಳಿಗೆ ಹರಡಿದೆಯೇ ಎಂದು ನೋಡಿ ರೋಗಿಯ ಮುಂದಿನ ಗತಿ ಹೇಳುವುದು ಹಳೆಯ ರೂಢಿ. ಪ್ಯಾರಿಸ್‌ನ ಜೆರೋಮ್ ಗಲೋನ್ ತಂಡ 2006ರಲ್ಲಿ ಇದನ್ನೇ ಪ್ರಶ್ನಿಸಿತು. ಗಡ್ಡೆಯೊಳಗೆ ಯಾವ ರೋಗನಿರೋಧಕ ಕೋಶಗಳಿವೆ, ಎಷ್ಟಿವೆ, ಎಲ್ಲಿವೆ ಎಂಬುದು ಅದಕ್ಕಿಂತ ಚೆನ್ನಾಗಿ ಭವಿಷ್ಯ ತಿಳಿಸುತ್ತದೆ ಎಂಬುದು ಅವರ ವಾದ. ಅದರಿಂದ ಹುಟ್ಟಿದ್ದೇ 'ಇಮ್ಯುನೋಸ್ಕೋರ್'.

ವಿಧಾನ ಸರಳವೇ. ತೆಗೆದ ಗಡ್ಡೆಯಿಂದ ತೆಳ್ಳಗೆ ಕೊಯ್ದ ಪದರವನ್ನು ಗಾಜಿನ ಸ್ಲೈಡಿಗೆ ಹಚ್ಚಿ ಬಣ್ಣ ಹಾಕುತ್ತಾರೆ. ಸಿಡಿ3, ಸಿಡಿ8 ಗುರುತುಳ್ಳ ಟಿ ಕೋಶಗಳು ಕಂದು ಚುಕ್ಕೆಗಳಾಗಿ ಕಾಣುತ್ತವೆ. ಕಂಪ್ಯೂಟರು ಅವನ್ನು ಗಡ್ಡೆಯ ನಡುವೆ ಒಮ್ಮೆ, ಅಂಚಿನಲ್ಲಿ ಇನ್ನೊಮ್ಮೆ ಎಣಿಸುತ್ತದೆ. ಈ ಪದ್ಧತಿಯ ನಿಜವಾದ ಜಾಣತನ ಇರುವುದು ಹೀಗೆ ಬೇರೆಬೇರೆ ಎಣಿಸುವುದರಲ್ಲೇ. ಅಂಚಿನಲ್ಲಿ ಕೋಶಗಳು ಗಿಜಿಗುಡುತ್ತಿದ್ದು ಒಳಗೆ ಒಂದೂ ನುಸುಳದ ಗಡ್ಡೆಗಳುಂಟು. ಒಟ್ಟು ಲೆಕ್ಕ ಹಾಕಿದ್ದರೆ ಅದು ಮುಚ್ಚಿಹೋಗುತ್ತಿತ್ತು. 2018ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ, 13 ದೇಶಗಳ 2,681 ರೋಗಿಗಳ ಅಧ್ಯಯನವೂ ಅಂಕ ಹೆಚ್ಚಿದ್ದವರಲ್ಲಿ ರೋಗ ಮರುಕಳಿಸುವುದು ಕಡಿಮೆ ಎಂದಿತು.

ನನ್ನ ತಕರಾರು ಮುಂದಿನದು. ಹಾಜರಿ ಪುಸ್ತಕ ಯಾರು ಬಂದರೆಂದು ಹೇಳುತ್ತದೆ, ಯಾರು ದುಡಿದರೆಂದು ಹೇಳುವುದಿಲ್ಲ. ದಣಿದು ಕೈಚೆಲ್ಲಿದ ಟಿ ಕೋಶವೂ ಇಲ್ಲಿ ಒಂದು ಚುಕ್ಕೆಯೇ. ದಾಳಿಗೆ ಅಡ್ಡಗಾಲು ಹಾಕುವ ನಿಯಂತ್ರಕ ಟಿ ಕೋಶಕ್ಕೂ ಸಿಡಿ3 ಗುರುತಿದೆ, ಅದೂ ಮಿತ್ರರ ಪಟ್ಟಿಗೇ ಸೇರುತ್ತದೆ. ಗಡ್ಡೆಯ ಪರ ವಹಿಸಬಲ್ಲ ಮ್ಯಾಕ್ರೊಫೇಜ್‌ಗಳನ್ನಂತೂ ಕೇಳುವವರಿಲ್ಲ.

ಹೀಗಾಗಿ ಮುನ್ಸೂಚನೆಯಲ್ಲಿ ಗಟ್ಟಿಯಾದ ಈ ಅಂಕ, ಔಷಧ ಆರಿಸುವ ಹೊತ್ತಿಗೆ ತಡವರಿಸುತ್ತದೆ. 2022ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಡೋಸ್ಟಾರ್ಲಿಮ್ಯಾಬ್ ಮುಗಿಸಿದ ಮೊದಲ 12 ಗುದನಾಳ ಕ್ಯಾನ್ಸರ್ ರೋಗಿಗಳಲ್ಲಿ ಒಬ್ಬರಲ್ಲೂ ಗಡ್ಡೆ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ ಯಾವುದೂ ಬೇಕಾಗಲಿಲ್ಲ. ಅದು ಟಿ ಕೋಶಗಳ ಮೇಲಿನ ತಡೆ ತೆಗೆಯುವ ಔಷಧ. ಆದರೂ ರೋಗಿಗಳನ್ನು ಆರಿಸಿದ್ದು ಆ ಕೋಶಗಳನ್ನು ಎಣಿಸಿ ಅಲ್ಲ, ಗಡ್ಡೆಯ ಡಿಎನ್‌ಎ ದುರಸ್ತಿ ವ್ಯವಸ್ಥೆ ಕೆಟ್ಟಿದೆಯೇ ಎಂದು ನೋಡಿ.

ಖರ್ಚಿನ ಮಾತೂ ಇದೆ. ವಿಶೇಷ ಬಣ್ಣ, ಸ್ಕ್ಯಾನರ್, ಸಾಫ್ಟ್‌ವೇರ್ ಎಲ್ಲ ಲ್ಯಾಬಿಗೂ ಎಟುಕುವುದಿಲ್ಲ. ಆ ಮಟ್ಟಿಗೆ ಸ್ತನ ಕ್ಯಾನ್ಸರ್‌ನವರ ದಾರಿ ನನಗೆ ಹೆಚ್ಚು ಹಿಡಿಸುತ್ತದೆ: ದಿನನಿತ್ಯದ ಗುಲಾಬಿ-ನೇರಳೆ ಸ್ಲೈಡನ್ನೇ ನೋಡಿ, ಲಿಂಫೋಸೈಟ್‌ಗಳು ಶೇಕಡಾ ಎಷ್ಟು ಜಾಗ ತುಂಬಿವೆ ಎಂದು ಪೆಥಾಲಜಿಸ್ಟ್ ಕಣ್ಣಂದಾಜಿನಲ್ಲೇ ಬರೆಯುತ್ತಾರೆ. ನಿಖರತೆ ಕಡಿಮೆ, ಇಬ್ಬರು ನೋಡಿದರೆ ಎರಡು ಅಂಕಿ ಬರಬಹುದು. ಆದರೆ ಟ್ರಿಪಲ್ ನೆಗೆಟಿವ್ ರೋಗಿಗೆ ಕೀಮೋ ಎಷ್ಟು ನಾಟೀತು ಎಂಬುದರ ಸುಳಿವು ಆ ಒಂದು ಸಾಲಿನಲ್ಲಿ ಸಿಗುತ್ತದೆ, ಹೆಚ್ಚುವರಿ ಬಿಲ್ಲಿಲ್ಲದೆ.