ತೆಗೆದರೋ, ತೆಗೆಸಿಕೊಂಡರೋ?

'ಗರ್ಭಕೋಶ ತೆಗೆಸಿಕೊಂಡ ಮಹಿಳೆಯರು'. ಪತ್ರಿಕೆಗಳ ವರದಿಯಲ್ಲಿ, ಸರಕಾರಿ ಟಿಪ್ಪಣಿಯಲ್ಲಿ, ಹೋರಾಟಗಾರರ ಕರಪತ್ರದಲ್ಲಿ ಕೂಡ ಈ ಮಾತು ಸಲೀಸಾಗಿ ಬರುತ್ತದೆ. ಕನ್ನಡದಲ್ಲಿ 'ಕೊಳ್ಳು' ಸೇರಿದ ಕೂಡಲೇ ಕ್ರಿಯೆಯೊಳಗೆ ಆ ವ್ಯಕ್ತಿಯ ಇಷ್ಟವೂ ಬಂದು ಕೂರುತ್ತದೆ. ರವಿಕೆ ಹೊಲಿಸಿಕೊಂಡಳು, ಬಳೆ ತೊಡಿಸಿಕೊಂಡಳು ಎಂಬಂತೆ. ನಾವೂ ಹಾಗೆ ಬರೆದವರೇ. ಹಾವೇರಿ ಜಿಲ್ಲೆಯ ಹೆಂಗಸರ ಹೋರಾಟವನ್ನು ಗಮನಿಸಿದ ಮೇಲೆ ಈ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರವರೆಗೆ ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಈ ಶಸ್ತ್ರಚಿಕಿತ್ಸೆ ನಡೆಯಿತು. ಅವರಲ್ಲಿ ಬಹಳ ಮಂದಿ ತಾಂಡಾಗಳ ಲಂಬಾಣಿ ಕೂಲಿಕಾರರು. ಅಗತ್ಯವಿಲ್ಲದೆ ತೆಗೆದರು ಎಂಬುದು ಅವರ ದೂರು. 2022ರಲ್ಲಿ ಪರಿಹಾರ ಕೇಳುತ್ತ ಅವರು ಶಿಗ್ಗಾಂವಿಯಲ್ಲಿದ್ದ ಅಂದಿನ ಮುಖ್ಯಮಂತ್ರಿಗಳ ಮನೆಯತ್ತ ಪಾದಯಾತ್ರೆ ಹೊರಟರು. ಸೊಂಟನೋವಿನಿಂದ ಹೊಲದ ಕೆಲಸ ಆಗುತ್ತಿಲ್ಲ ಎಂದು ಹೇಳುತ್ತಿದ್ದವರೇ ಹತ್ತಾರು ಕಿಲೋಮೀಟರ್ ನಡೆಯಲು ಸಿದ್ಧರಾದರು.

ಇದಕ್ಕೆ ಮೊದಲು, 2015ರಲ್ಲಿ, ಕಲಬುರ್ಗಿ ಜಿಲ್ಲೆಯ ಇಂಥದೇ ಪ್ರಕರಣವನ್ನು ಕರ್ನಾಟಕ ಜನಾರೋಗ್ಯ ಚಳವಳಿ ಬಯಲಿಗೆ ತಂದಿತ್ತು. ಅಲ್ಲಿಯೂ ದಲಿತ, ಲಂಬಾಣಿ ಹೆಂಗಸರೇ. ಆದರೆ ಆಸ್ಪತ್ರೆಗಳು ಖಾಸಗಿ. ದೇಶದಲ್ಲಿ ಆಗುವ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಖಾಸಗಿ ಆಸ್ಪತ್ರೆಗಳವೇ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೀಗಾಗಿ 'ಖಾಸಗಿಯವರ ಲಾಭಕೋರತನ' ಎಂಬ ವಿವರಣೆ ನಮ್ಮ ಪ್ರಗತಿಪರ ವಲಯದಲ್ಲಿ ರೂಢಿಯಾಯಿತು. ಅದು ಸುಳ್ಳಲ್ಲ. ಆದರೆ ರಾಣೆಬೆನ್ನೂರಿನ ಎದುರು ಅದು ಸಾಲದು. ಅಲ್ಲಿದ್ದುದು ನಾವೆಲ್ಲ ಉಳಿಸಿಕೊಳ್ಳಬೇಕು ಎನ್ನುವ ಸರಕಾರಿ ಆಸ್ಪತ್ರೆ.

ಹಾಗಾದರೆ ಒಪ್ಪಿಗೆ ಎಂದರೇನು? ಬಿಳಿಸೆರಗು, ಹೊಟ್ಟೆನೋವು ಎಂದು ಬಂದವಳಿಗೆ 'ಬಿಟ್ಟರೆ ಕ್ಯಾನ್ಸರ್ ಆಗುತ್ತದೆ' ಎಂದು ಹೇಳಿದರೆ ಅವಳು ಹೆಬ್ಬೆಟ್ಟು ಒತ್ತದೆ ಏನು ಮಾಡಿಯಾಳು? ಹಾನಗಲ್ಲ, ಹಿರೇಕೆರೂರು ಕಡೆಯ ಕೂಲಿ ಹೆಂಗಸು ಇನ್ನೊಬ್ಬ ವೈದ್ಯರನ್ನು ಕೇಳಬೇಕೆಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಬಸ್ಸು ಹತ್ತಬೇಕು. ಆ ದಿನದ ಕೂಲಿ ಹೋಯಿತು, ಜೊತೆಗೆ ಬಂದ ಗಂಡನದೂ ಹೋಯಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಹರೆಯದಲ್ಲೇ ಎರಗುತ್ತವೆ, ಮೂಳೆ ಸವೆಯುತ್ತದೆ ಎಂದು ಆಗ ಅವಳಿಗೆ ಯಾರು ಹೇಳಬೇಕಿತ್ತು?

ಇದೇ ಜಿಲ್ಲೆಯ ಸವಣೂರನ್ನು ಇಲ್ಲಿ ನೆನೆಯದೆ ಇರಲಾರೆವು. ನವಾಬರ, ವೀಳ್ಯದೆಲೆಯ ಊರದು. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಕುಟುಂಬದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಮಲ ಹೊರಿಸುವುದನ್ನು ನಿಷೇಧಿಸಿದ 1993ರ ಕಾಯ್ದೆಗೆ ಆಗ ಹದಿನೇಳು ವರ್ಷ. ಇಲ್ಲಿ 'ಕೊಂಡರು' ಎಂಬುದು ಸರಿಯಾದ ಪ್ರಯೋಗ. ತಮ್ಮ ಮೈಮೇಲೆ ತಾವೇ ಎಲ್ಲರ ಕಣ್ಣೆದುರು ಮಾಡಿಕೊಂಡದ್ದು. ನಾಡು ಬೆಚ್ಚಿತು. ಆದರೆ ಬಹುಮಂದಿ ಆ ಚಿತ್ರದ ಹೇಸಿಗೆಯನ್ನು ಕುರಿತು ಬರೆದರು. ದಿನವೂ ಅದೇ ಮಲದ ನಡುವೆ ದುಡಿದ ಚರ್ಮ, ಶ್ವಾಸಕೋಶ, ಕರುಳು ಏನಾಗಿವೆ ಎಂದು ಕೇಳಿದವರು ಕಡಿಮೆ. ಅದನ್ನು ಜಾತಿಯ ಪ್ರಶ್ನೆಯೆಂದು ಗುರುತಿಸಿದೆವು, ಆರೋಗ್ಯದ ಪ್ರಶ್ನೆಯೆಂದು ಗುರುತಿಸಲಿಲ್ಲ. ತಾಂಡಾದ ಹೆಂಗಸರದು ಆರೋಗ್ಯದ ಪ್ರಶ್ನೆ ಎಂದೆವು, ಜಾತಿಯದೆನ್ನಲು ಹಿಂಜರಿದೆವು.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಅದರಿಂದ ಸಮಿತಿಗಳಾಗುತ್ತವೆ, ನಮೂನೆಗಳು ಅಚ್ಚಾಗುತ್ತವೆ. ಲಂಬಾಣಿ ಮಾತಿಗೆ ಸ್ವಂತ ಲಿಪಿಯಿಲ್ಲ. ಒಪ್ಪಿಗೆ ಪತ್ರವನ್ನು ಆ ಮಾತಿನಲ್ಲಿ ಓದಿ ಹೇಳುವವರು ಆಸ್ಪತ್ರೆಯಲ್ಲಿ ಯಾರಿರುತ್ತಾರೆ ಎಂಬುದನ್ನು ಸಂಘಟನೆಗಳು ಮೊದಲು ಕೇಳಬೇಕಾಗಿದೆ.