ಸೂರು ಸಿಕ್ಕಿತು, ಮನೆ ಸಿಕ್ಕಲಿಲ್ಲ: ಸತ್ಯು ಮತ್ತು ಘಟಕ್ ಚಿತ್ರಗಳಲ್ಲಿ ನಿರಾಶ್ರಿತರು

ದೇಶ ಇಬ್ಭಾಗವಾದಾಗ ಊರು ಬಿಟ್ಟು ಬಂದವರನ್ನು ನಾವು ಕನ್ನಡದಲ್ಲಿ ‘ನಿರಾಶ್ರಿತರು’ ಎಂದೆವು. ಆಶ್ರಯವಿಲ್ಲದವರು ಎಂದು ಅದರ ಅರ್ಥ. ಹಿಂದಿಯವರು ‘ಶರಣಾರ್ಥಿ’ ಎಂದರು. ‘ಶರಣು ಶರಣಾರ್ಥಿ’ ಎಂಬುದನ್ನು ಕೇಳುತ್ತ ಬೆಳೆದ ನಮ್ಮ ಕಿವಿಗೆ ಅದು ನಮಸ್ಕಾರದಂತೆ ಕೇಳಿಸಬಹುದು. ಆದರೆ ಪಂಜಾಬಿನಿಂದ ಬಂದ ಅನೇಕರಿಗೆ ಆ ಹೆಸರು ಚುಚ್ಚಿತು; ತಾವು ಶರಣಾರ್ಥಿಗಳಲ್ಲ, ಪುರುಷಾರ್ಥಿಗಳು ಎಂದು ಅವರು ತಿದ್ದಿದರು. ಬಂಗಾಳಿಗಳು ಹಿಡಿದ ಪದ ‘ಉದ್ವಾಸ್ತು’. ವಾಸ್ತು ಎಂದರೆ ತಲೆಮಾರುಗಳು ಹುಟ್ಟಿ ಬಾಳಿ ಕಣ್ಣುಮುಚ್ಚಿದ ಮನೆಯ ನೆಲ. ಅಲ್ಲಿಂದ ಕಿತ್ತುಬಂದವನು ಉದ್ವಾಸ್ತು. ಮೊದಲಿನ ಎರಡು ಮಾತುಗಳು ಬಂದವನಿಗೆ ಏನು ಬೇಕು ಎಂಬುದನ್ನು ಹೇಳುತ್ತವೆ. ಮೂರನೆಯದು ಅವನು ಏನನ್ನು ಕಳೆದುಕೊಂಡ ಎಂಬುದನ್ನು ಹೇಳುತ್ತದೆ.

ಇದು ಬರಿಯ ನಿಘಂಟಿನ ವ್ಯತ್ಯಾಸವಲ್ಲ. ಆಶ್ರಯ ಬೇಡಿ ಬಂದವನಿಗೆ ಒಂದು ಸೂರು ತೋರಿಸಿದರೆ ಸರಕಾರದ ಕಡತದಲ್ಲಿ ಅವನ ಲೆಕ್ಕ ಮುಗಿಯಿತು. 1951ರ ಜನಗಣತಿಯಲ್ಲಿ ಇಂಥವರು 70 ಲಕ್ಷಕ್ಕೂ ಹೆಚ್ಚು ಮಂದಿ ಎಂದು ದಾಖಲಾಯಿತು. ಅಂಕಿ ದೊಡ್ಡದಾದಷ್ಟೂ ಮನುಷ್ಯನ ಮುಖ ಮಸುಕಾಗುತ್ತದೆ. ರೈಲಿನ ಮಾಡಿನ ಮೇಲೆ ಕಿಕ್ಕಿರಿದು ಕುಳಿತ ಜನರ ಛಾಯಾಚಿತ್ರ ನೋಡಿ ನಾವು ಅಯ್ಯೋ ಎನ್ನುತ್ತೇವೆ. ಆದರೆ ಕರುಣೆಯ ಆಯುಸ್ಸು ಕಡಿಮೆ. ಅದೇ ಮನುಷ್ಯ ನಮ್ಮ ಬೀದಿಯಲ್ಲಿ ಅಂಗಡಿ ತೆರೆದ ಮರುದಿನದಿಂದ ಆ ಕರುಣೆ ಕಿರಿಕಿರಿಯಾಗಿ ತಿರುಗುತ್ತದೆ. ಗುಂಪಿನಿಂದ ಒಂದು ಮನೆಯನ್ನು ಬೇರೆ ಮಾಡಿ, ಅದರ ಒಳಗೆ ನಮ್ಮನ್ನು ಕೂರಿಸಿ, ಕಳೆದುಹೋದದ್ದು ಏನೆಂದು ಕಾಣಿಸುವ ಕೆಲಸ ಕಲೆಯದು.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಈ ಸಂಗತಿ ದೂರದ್ದೇನೂ ಅಲ್ಲ. ಮುಂಬಯಿಯವರಿಗೆ ಕಲ್ಯಾಣದ ಹಳೆಯ ಮಿಲಿಟರಿ ಶಿಬಿರದ ಜಾಗದಲ್ಲಿ ಎದ್ದ ಉಲ್ಲಾಸನಗರ ಗೊತ್ತು, ಸಯನ್ ಕೋಳಿವಾಡದ ಪಂಜಾಬಿ ವಸತಿ ಗೊತ್ತು. ಪುಣೆಯವರಿಗೆ ಪಿಂಪ್ರಿಯ ಸಿಂಧಿಗಳು ಗೊತ್ತು. ದಿಲ್ಲಿಯ ಕನ್ನಡಿಗರಿಗೆ ಲಾಜಪತ ನಗರ, ರಾಜೇಂದ್ರ ನಗರಗಳು ಪರಿಚಿತ. ಚೆನ್ನೈಯವರಿಗೆ ಬರ್ಮಾದಿಂದ ಮರಳಿದವರು ಕಟ್ಟಿದ ಬರ್ಮಾ ಬಜಾರು ಇದೆ. ಅವರ ಅಂಗಡಿಗಳಲ್ಲಿ ನಾವು ಬಟ್ಟೆ ಕೊಂಡಿದ್ದೇವೆ, ಚೌಕಾಸಿ ಮಾಡಿದ್ದೇವೆ. ಬರಿಗೈಯಲ್ಲಿ ಬಂದವರು ಬಂಗಲೆ ಕಟ್ಟಿದರಲ್ಲ ಎಂದು ಮೆಚ್ಚುಗೆ ಅರ್ಧ, ಅಸೂಯೆ ಅರ್ಧ ಬೆರೆಸಿ ಮಾತಾಡಿದ್ದೇವೆ. ಅವರು ಏನನ್ನು ಬಿಟ್ಟು ಬಂದರು ಎಂದು ಕೇಳಿದವರು ನಮ್ಮಲ್ಲಿ ಕಡಿಮೆ. ಆ ಪ್ರಶ್ನೆಯನ್ನು ನಮ್ಮ ಪರವಾಗಿ ಕೇಳಿದ ಇಬ್ಬರು ನಿರ್ದೇಶಕರ ಚಿತ್ರಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ. ಒಬ್ಬರು ಮೈಸೂರಿನ ಎಂ. ಎಸ್. ಸತ್ಯು, ಇನ್ನೊಬ್ಬರು ಢಾಕಾದಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ತೀರಿಕೊಂಡ ಋತ್ವಿಕ್ ಘಟಕ್. ಇಬ್ಬರೂ ಜನನಾಟ್ಯ ಸಂಘ, ಅಂದರೆ ಇಪ್ಟಾದ ಒಡನಾಟದಲ್ಲಿ ಪಳಗಿದವರು.

ಸತ್ಯು ಅವರ ‘ಗರಂ ಹವಾ’ ಇಸ್ಮತ್ ಚುಗತಾಯಿಯವರ ಅಪ್ರಕಟಿತ ಕಥೆಯೊಂದನ್ನು ಆಧರಿಸಿದೆ. ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅದಕ್ಕೆ ಚಿತ್ರಕಥೆ ಬರೆದರು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲದಿಂದ ತಯಾರಾದ ಈ ಚಿತ್ರ ಗಲಭೆಗೆ ಕಾರಣವಾದೀತೆಂಬ ಭಯದಿಂದ ಸೆನ್ಸಾರಿನಲ್ಲಿ ಹಲವು ತಿಂಗಳು ಕೊಳೆಯಿತು. ಕೊನೆಗೆ ಅದು ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿ ಗಲಭೆ ನಡೆಯಲಿಲ್ಲ, ಜನ ನೋಡಿ ಮೆಚ್ಚಿದರು. ಆಮೇಲೆ ಚಿತ್ರ ದೇಶದ ಉಳಿದೆಡೆಗೆ ಹೋಯಿತು. ಮುಂದೆ ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕಾಗಿ ಇರುವ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂತು.

ಕಥೆ ನಡೆಯುವುದು ಆಗ್ರಾದಲ್ಲಿ. ಸಲೀಂ ಮಿರ್ಜಾ ಪಾದರಕ್ಷೆ ತಯಾರಿಸುವ ವ್ಯಾಪಾರಿ. ಅವನು ಊರು ಬಿಡಲು ಒಲ್ಲೆನೆನ್ನುವ ಮುಸಲ್ಮಾನ. ಇಡೀ ಚಿತ್ರದಲ್ಲಿ ಕತ್ತಿ ಹಿರಿದ ಗುಂಪಿಲ್ಲ, ಹೆಣ ತುಂಬಿದ ರೈಲಿಲ್ಲ. ಸಾಲ ಕೊಟ್ಟರೆ ಪಾಕಿಸ್ತಾನಕ್ಕೆ ಓಡಿಹೋದಾನು ಎಂದು ಸಾಲ ಕೊಡುವವರು ಹಿಂಜರಿಯುತ್ತಾರೆ. ಬಾಡಿಗೆಗೆ ಮನೆ ಹುಡುಕಿ ಹೊರಟರೆ ಹೆಸರು ಕೇಳಿದೊಡನೆ ಬಾಗಿಲು ಮುಚ್ಚುತ್ತದೆ. ಪದವೀಧರನಾದ ಮಗನಿಗೆ ಕೆಲಸ ಸಿಕ್ಕುವುದಿಲ್ಲ. ಪರಊರಿನಲ್ಲಿ ಬಾಡಿಗೆ ಮನೆಗಾಗಿ ಅಲೆದ ಅನುಭವ ನಮ್ಮಲ್ಲಿ ಬಹುಮಂದಿಗೆ ಉಂಟು. ಮಿರ್ಜಾನಿಗೆ ಆ ಅವಸ್ಥೆ ತಾನು ಹುಟ್ಟಿದ ಊರಿನಲ್ಲೇ ಒದಗುತ್ತದೆ. ನಿರಾಶ್ರಿತ ಒಂದೇ ರಾತ್ರಿಯಲ್ಲಿ ಆಗುವವನಲ್ಲ, ಅವನನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ತಯಾರಿಸಲಾಗುತ್ತದೆ ಎಂಬುದನ್ನು ಸತ್ಯು ಇಲ್ಲಿ ತೋರಿಸಿದ್ದಾರೆ.

ಚಿತ್ರದ ನಿಜವಾದ ನಾಯಕ ಆ ಹವೇಲಿ. ಅದು ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಿನಲ್ಲಿ ಇದ್ದುದರಿಂದ ವಲಸೆ ಹೋದವರ ಸ್ವತ್ತೆಂದು ಸರಕಾರದ ವಶವಾಗುತ್ತದೆ. ಅದನ್ನು ಪಡೆಯುವವನು ಅಜಮಾನಿ. ಆತ ಸಿಂಧದಿಂದ ಮನೆ ಕಳೆದುಕೊಂಡು ಬಂದ ವ್ಯಾಪಾರಿ. ಒಬ್ಬ ನಿರಾಶ್ರಿತನಿಗೆ ಸೂರು ಕೊಡಲು ಇನ್ನೊಂದು ಕುಟುಂಬವನ್ನು ಮನೆಯಿಂದ ಎಬ್ಬಿಸುವ ಈ ಏರ್ಪಾಟು ಕಲ್ಪನೆಯದಲ್ಲ, 1950ರ ಕಾಯಿದೆಯ ಬಲದಿಂದ ನಡೆದದ್ದು. ಸಾಮಾನ್ಯ ಚಿತ್ರವಾಗಿದ್ದರೆ ಅಜಮಾನಿ ಖಳನಾಗುತ್ತಿದ್ದ. ಸತ್ಯು ಹಾಗೆ ಮಾಡಲಿಲ್ಲ. ಎ. ಕೆ. ಹಾನಗಲ್ ಅವನನ್ನು ಸಂಕೋಚವುಳ್ಳ ಸಭ್ಯ ಮನುಷ್ಯನನ್ನಾಗಿ ಅಭಿನಯಿಸಿದ್ದಾರೆ. ಕೋಪಗೊಳ್ಳಲು ಎದುರಿಗೆ ಒಬ್ಬ ದುಷ್ಟ ಸಿಕ್ಕದಿದ್ದಾಗ ಪ್ರೇಕ್ಷಕ ಯೋಚಿಸಲು ತೊಡಗುತ್ತಾನೆ.

ಮಿರ್ಜಾನ ಮುದಿತಾಯಿ ಮನೆ ಬಿಡಲೊಲ್ಲದೆ ಸೌದೆ ಕೋಣೆಯಲ್ಲಿ ಅವಿತುಕೊಳ್ಳುತ್ತಾಳೆ. ಅವಳನ್ನು ಎತ್ತಿಕೊಂಡು ಹೊರಡಬೇಕಾಗುತ್ತದೆ. ಪ್ರಾಣ ಹೋಗಲೊಲ್ಲದಾಗ ಅವಳನ್ನು ಪಲ್ಲಕ್ಕಿಯಲ್ಲಿ ಮತ್ತೆ ಆ ಹವೇಲಿಗೆ ತರುತ್ತಾರೆ. ಮದುವಣಗಿತ್ತಿಯಾಗಿ ಬಂದ ಹೊಸಿಲಲ್ಲೇ ಅವಳು ಕಣ್ಣು ಮುಚ್ಚುತ್ತಾಳೆ. ‘ವಾಸ್ತು’ ಎಂಬ ಪದದ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಯಾವ ಭಾಷಣಕ್ಕೂ ಸಾಧ್ಯವಿಲ್ಲ. ಮಿರ್ಜಾನಾಗಿ ಬಲರಾಜ್ ಸಾಹನಿ ಅವರ ಅಭಿನಯವನ್ನು ಕುರಿತು ಬಹಳ ಬರೆಯಲಾಗಿದೆ. ರಾವಲ್ಪಿಂಡಿಯ ಮನೆತನದಿಂದ ಬಂದ ಅವರು ಗಡಿಯ ಆಚೆಯ ತಮ್ಮ ನಷ್ಟವನ್ನು ಈಚೆಯ ಮುಸಲ್ಮಾನನ ಬಾಳಿಗೆ ಎರೆದರು. ಮಗಳ ಸಾವನ್ನು ಎದುರಿಸುವ ದೃಶ್ಯದಲ್ಲಿ ಅವರು ಅಳುವುದೂ ಇಲ್ಲ. ಚಿತ್ರ ತೆರೆಗೆ ಬರುವ ಮೊದಲೇ, 1973ರ ಏಪ್ರಿಲಿನಲ್ಲಿ, ಅವರು ತೀರಿಕೊಂಡರು.

ಸತ್ಯು ಮನೆ ಬಿಡುವವರೆಗಿನ ಕಥೆ ಹೇಳಿದರೆ, ಘಟಕ್ ಮನೆ ಬಿಟ್ಟ ಎಷ್ಟೋ ವರ್ಷಗಳ ಮೇಲಿನ ಕಥೆ ಹೇಳುತ್ತಾರೆ. ಪಂಜಾಬಿನಲ್ಲಿ ಜನರ ಅದಲುಬದಲು ಬಹುಮಟ್ಟಿಗೆ ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಬಂಗಾಳದಲ್ಲಿ ಅದು ವರ್ಷಗಟ್ಟಲೆ ಅಲೆ ಅಲೆಯಾಗಿ ಬಂತು; ಬಿಟ್ಟುಬಂದ ಆಸ್ತಿಗೆ ಪಶ್ಚಿಮದವರಿಗೆ ಸಿಕ್ಕಂಥ ಪರಿಹಾರವೂ ಪೂರ್ವದವರಿಗೆ ಸಿಕ್ಕಲಿಲ್ಲ. ಕಲ್ಕತ್ತೆಯ ಅಂಚಿನ ಖಾಲಿ ಜಾಗಗಳಲ್ಲಿ ಅವರೇ ಬಿದಿರು ನೆಟ್ಟು ತಡಿಕೆ ಕಟ್ಟಿ ಕಾಲೊನಿಗಳನ್ನು ಮಾಡಿಕೊಂಡರು. 1960ರ ‘ಮೇಘೇ ಢಾಕಾ ತಾರಾ’ ಅಂಥ ಒಂದು ಕಾಲೊನಿಯ ಚಿತ್ರ.

ಅದರ ನಾಯಕಿ ನೀತಾ ಹಿರಿಯ ಮಗಳು. ಅವಳ ದುಡಿಮೆಯ ಮೇಲೆ ಇಡೀ ಸಂಸಾರ ನಿಂತಿದೆ. ಮೊದಲಲ್ಲಿ ನಡೆಯುತ್ತ ಅವಳ ಚಪ್ಪಲಿಯ ಬಾರು ಕಿತ್ತುಹೋಗುತ್ತದೆ. ಹೊಸದನ್ನು ಕೊಳ್ಳಬೇಕಾದ ಹಣ ಒಡಹುಟ್ಟಿದವರ ಕೋರಿಕೆಗಳಿಗೆ ಕರಗಿಹೋಗುತ್ತದೆ. ತಾಯಿ ಕೆಟ್ಟವಳಲ್ಲ. ಆದರೆ ದುಡಿಯುವ ಮಗಳು ಮದುವೆಯಾಗಿ ಹೋದರೆ ಒಲೆ ಹೊತ್ತುವುದಿಲ್ಲ ಎಂಬ ಭಯ ಅವಳಿಗೆ. ನೀತಾ ತನ್ನ ಪ್ರಿಯಕರನೊಡನೆ ಮಾತಾಡುವಾಗ ಒಲೆಯ ಮೇಲಿನ ಪಾತ್ರೆಯ ಸದ್ದನ್ನು ಘಟಕ್ ದೊಡ್ಡದು ಮಾಡಿ ನಮ್ಮ ಕಿವಿಗೆ ತುಂಬುತ್ತಾರೆ. ಕೊನೆಗೆ ಅಣ್ಣ ಹೆಸರಾಂತ ಗಾಯಕನಾಗುತ್ತಾನೆ, ಮನೆಗೆ ಎರಡನೆಯ ಅಂತಸ್ತು ಏರುವ ಕಾಲ ಬರುತ್ತದೆ. ಅದೇ ಹೊತ್ತಿಗೆ ನೀತಾ ಕ್ಷಯದಿಂದ ಶಿಲ್ಲಾಂಗಿನ ಆಸ್ಪತ್ರೆ ಸೇರಿರುತ್ತಾಳೆ. ಸರಕಾರದ ಲೆಕ್ಕದಲ್ಲಿ ಇದು ಯಶಸ್ವಿ ಪುನರ್ವಸತಿ! ಆ ಮಹಡಿ ಯಾರ ಎದೆಯ ಮೇಲೆ ಎದ್ದಿತು ಎಂಬ ಕಾಲಂ ಆ ಲೆಕ್ಕದಲ್ಲಿ ಇಲ್ಲ. ಚಿತ್ರದ ಕೊನೆಯಲ್ಲಿ ಅದೇ ದಾರಿಯಲ್ಲಿ ಇನ್ನೊಬ್ಬ ಹುಡುಗಿಯ ಚಪ್ಪಲಿಯ ಬಾರು ಕಿತ್ತುಹೋಗುತ್ತದೆ.

1962ರಲ್ಲಿ ಮುಗಿದು 1965ರಲ್ಲಿ ತೆರೆ ಕಂಡ ‘ಸುವರ್ಣರೇಖಾ’ ಇನ್ನೂ ಕಠಿಣವಾದ ಮಾತು ಆಡುತ್ತದೆ. ಅಲ್ಲಿ ನಿರಾಶ್ರಿತರ ಕಾಲೊನಿಯಲ್ಲೇ ಕೆಳಜಾತಿಯ ತಾಯಿಯೊಬ್ಬಳಿಗೆ ಎಡೆ ಇಲ್ಲ. ಅವಳ ಮಗನನ್ನು ಸಾಕಿ ಬೆಳೆಸಿದ ಈಶ್ವರನೇ, ಹುಡುಗನ ಜಾತಿ ಬಯಲಾದಾಗ, ತನ್ನ ತಂಗಿಯೊಡನೆ ಅವನ ಮದುವೆಗೆ ಅಡ್ಡ ನಿಲ್ಲುತ್ತಾನೆ. ಎಲ್ಲವನ್ನೂ ಕಳೆದುಕೊಂಡು ಬಂದವರು ಜಾತಿಯನ್ನು ಮಾತ್ರ ಗಂಟಿನಲ್ಲಿ ಕಟ್ಟಿ ತಂದಿದ್ದರು. ನೊಂದವರೆಲ್ಲ ಒಳ್ಳೆಯವರೇ ಆಗಿರಬೇಕೆಂದು ಘಟಕ್ ಬಯಸುವುದಿಲ್ಲ. ಕರುಣೆಗೂ ತಿಳಿವಳಿಕೆಗೂ ಇರುವ ಅಂತರ ಇದೇ: ಕರುಣೆಗೆ ನಿರ್ದೋಷಿಗಳು ಬೇಕು, ತಿಳಿವಳಿಕೆಗೆ ಮನುಷ್ಯರು ಸಾಕು.

ಈ ಚಿತ್ರಗಳಲ್ಲಿ ಕೊರತೆ ಇಲ್ಲವೆಂದಲ್ಲ. ‘ಗರಂ ಹವಾ’ದ ಕೊನೆಯಲ್ಲಿ ರೈಲ್ವೆ ನಿಲ್ದಾಣಕ್ಕೆ ಹೊರಟ ಮಿರ್ಜಾ, ಟಾಂಗಾದಿಂದ ಇಳಿದು ಕೆಂಬಾವುಟದ ಮೆರವಣಿಗೆಯಲ್ಲಿ ಬೆರೆಯುತ್ತಾನೆ. ಎರಡು ಗಂಟೆ ಎಳೆಎಳೆಯಾಗಿ ಕಟ್ಟಿದ ಸಂಕಟಕ್ಕೆ ಎರಡು ನಿಮಿಷದ ಉತ್ತರ ಇದು. ಪಾತ್ರಕ್ಕಿಂತ ಮೊದಲು ನಿರ್ದೇಶಕರ ರಾಜಕೀಯ ಅಲ್ಲಿಗೆ ತಲುಪಿದೆ ಎನಿಸುತ್ತದೆ. ಮಗ ಸಿಕಂದರ್ ಇಳಿದದ್ದು ಸಹಜ, ತಂದೆ ಇಳಿದದ್ದು ಅವಸರ. ‘ಸುವರ್ಣರೇಖಾ’ದಲ್ಲಿ ಕುಡಿದು ಬಂದ ಅಣ್ಣ ವೇಶ್ಯೆಯ ಮನೆಯಲ್ಲಿ ತಂಗಿಯ ಎದುರಿಗೇ ನಿಲ್ಲುವ ಪ್ರಸಂಗವನ್ನು ಭಾವಾತಿರೇಕವೆಂದು ಅನೇಕರು ತಳ್ಳಿಹಾಕಿದರು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಯಕ್ಷಗಾನ, ಕಂಪನಿ ನಾಟಕಗಳನ್ನು ನೋಡಿದ ನಾವು ಈ ಬಗೆಯ ಅತಿಯನ್ನು ಕಂಡೊಡನೆ ಮೂಗು ಮುರಿಯಬೇಕಾಗಿಲ್ಲ. ನಿಜವಾಗಿ ನಡೆದದ್ದೇ ಅತಿಯಾಗಿದ್ದಾಗ ಮೆಲುದನಿಯೊಂದೇ ಸತ್ಯದ ದನಿ ಎನ್ನಲಾಗದು.

ಹಳೆಯ ಗಾಯವನ್ನು ಕೆದಕುವುದೇಕೆ ಎಂದು ಕೇಳುವವರು ಯಾವಾಗಲೂ ಇದ್ದಾರೆ. ಬಲರಾಜರ ತಮ್ಮ ಭೀಷ್ಮ ಸಾಹನಿಯವರ ‘ತಮಸ್’ ಕಾದಂಬರಿಯನ್ನು ಗೋವಿಂದ ನಿಹಲಾನಿ ದೂರದರ್ಶನಕ್ಕೆ ತಂದಾಗ, 1988ರಲ್ಲಿ, ಅದನ್ನು ನಿಲ್ಲಿಸಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು ನಿಲ್ಲಿಸಲು ಒಪ್ಪಲಿಲ್ಲ. ಮುಚ್ಚಿಟ್ಟ ಗಾಯ ಮಾಯುವುದಿಲ್ಲ ಎಂಬುದು ಮನೆಯ ಅಜ್ಜಿಯರಿಗೂ ತಿಳಿದ ವೈದ್ಯ.

ಕೊನೆಯದಾಗಿ ನಮ್ಮ ಬಗ್ಗೆ ಒಂದು ಮಾತು. ಸಂಘದ ಸಭೆಗಳಲ್ಲಿ ‘ನಾವೂ ಊರು ಬಿಟ್ಟವರೇ’ ಎಂದು ಭಾವುಕರಾಗಿ ಹೇಳುವ ರೂಢಿ ನಮ್ಮಲ್ಲಿ ಇದೆ. ಘಟಕರ ‘ಕೋಮಲ ಗಾಂಧಾರ’ (1961) ಚಿತ್ರದಲ್ಲಿ ಪದ್ಮಾ ನದಿಯ ದಡದಲ್ಲಿ ರೈಲು ಹಳಿ ಮುಗಿದುಹೋಗುತ್ತದೆ. ಆಚೆ ದಡದಲ್ಲಿ ತಮ್ಮ ನಾಡು ಕಾಣುತ್ತದೆ, ಹೋಗಲು ದಾರಿಯಿಲ್ಲ. ಕ್ಯಾಮರಾ ಹಳಿಯ ಮೇಲೆ ಧಾವಿಸಿ ಆ ತಡೆಗೆ ಬಡಿದು ಕತ್ತಲಾಗುತ್ತದೆ. ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ ಎರಡೂ ಕಡೆ ಓಡುತ್ತದೆ. ಬೇಸಗೆ ರಜೆಗೆ ಹೋದರೆ ತೋಟದ ತೆಂಗಿನಕಾಯಿ, ಅಮ್ಮ ಕಟ್ಟಿಕೊಟ್ಟ ಹಪ್ಪಳ ಸಂಡಿಗೆ ಹೊತ್ತು ಮರಳುತ್ತೇವೆ. ನಮ್ಮದು ಅಗಲಿಕೆ, ಅವರದು ನಷ್ಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಅಗಲಿಕೆಯ ರುಚಿ ಬಲ್ಲವರಿಗೆ ನಷ್ಟದ ಆಳವನ್ನು ಊಹಿಸುವುದು ಉಳಿದವರಿಗಿಂತ ಸುಲಭವಾಗಬೇಕು.

‘ಗರಂ ಹವಾ’ದ ಪ್ರತಿಯನ್ನು ಶುದ್ಧಗೊಳಿಸಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದಾರೆ. ಕನ್ನಡಿಗರೊಬ್ಬರ ಈ ಕೃತಿಯನ್ನು ನಮ್ಮ ಸಂಘಗಳು ರಾಜ್ಯೋತ್ಸವದ ಹಾಡು ಕುಣಿತಗಳ ನಡುವೆ ಒಂದು ಸಂಜೆ ತೋರಿಸಲಿ. ಆ ಸಂಜೆ ಪಕ್ಕದ ಬೀದಿಯ ಸಿಂಧಿ, ಪಂಜಾಬಿ ಹಿರಿಯರನ್ನೂ ಕರೆಯಲಿ. ಚಿತ್ರ ಮುಗಿದ ಮೇಲೆ, ಚಹಾ ಕೊಟ್ಟು, ನಿಮ್ಮ ಮನೆ ಎಲ್ಲಿತ್ತು ಎಂದು ಕೇಳಿದರೆ ಸಾಕು. ಉಳಿದದ್ದನ್ನು ಅವರೇ ಹೇಳಿಯಾರು.